ಬೇಲಿಯಿಂದ ಕಾಡಿಗೆ: ಲಂಟಾನ, ವನ್ಯಜೀವಿ ಮತ್ತು ಜಮೀನಿನವರ ಹೊಣೆ



ಈ ದತ್ತಿ ಉಪನ್ಯಾಸದ ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಂಘಟಕರು ನನಗೇ ಬಿಟ್ಟಿದ್ದರು. ಕಡಕೊಳದಲ್ಲಿ ಮಾತನಾಡುವುದೆಂದರೆ ಈ ಊರ ಮುಂದಿನ ರಸ್ತೆಯ ಬಗ್ಗೆಯೇ ಮಾತನಾಡಬೇಕೆನ್ನಿಸಿತು. ಮೈಸೂರಿನಿಂದ ಬರುವ ಈ ಹೆದ್ದಾರಿ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನೊಳಗೆ ಹೋಗುತ್ತದೆ. ದಾರಿಯುದ್ದಕ್ಕೂ ಹೊಲದ ಬದು, ಕೈಗಾರಿಕಾ ಪ್ರದೇಶದ ಖಾಲಿ ನಿವೇಶನ, ಕೆರೆ ಏರಿ, ಗೋಮಾಳ, ಕೊನೆಗೆ ಹುಲಿಯ ಕಾಡು. ಮಣ್ಣು ಬದಲಾಗುತ್ತದೆ, ಬೆಳೆ ಬದಲಾಗುತ್ತದೆ. ಜೊತೆ ಬಿಡದೆ ಬರುವ ಪೊದೆ ಒಂದೇ, ಲಂಟಾನ. ಕೆಲವರು ಚದುರಂಗಿ ಎನ್ನುತ್ತಾರೆ, ಕೆಲವರು ರೋಜಾ ಕಡ್ಡಿ.

ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಗಿಡ ನಮ್ಮ ನೆಲಕ್ಕೆ ಹೇಗೆ ಬಂತು, ಹೇಗೆ ಹಬ್ಬುತ್ತದೆ ಎಂಬುದನ್ನು ಚುಟುಕಾಗಿ ನೋಡಿ, ಅದರಿಂದ ಕಾಡಿನ ಪ್ರಾಣಿಪಕ್ಷಿಗಳಿಗೆ ಏನಾಗಿದೆ ಎಂಬುದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಆಮೇಲೆ ಬೆಂಕಿಯ ಪ್ರಶ್ನೆ. ಕೊನೆಗೆ ಜಮೀನು ಇರುವವರು ಇದನ್ನು ಹತೋಟಿಗೆ ತರುವ ಬಗೆ. ನನ್ನ ವಾದ ಇಷ್ಟೇ: ಲಂಟಾನ ಕಡಿಯುವುದು ಸುಲಭ, ಕಡಿದ ಜಾಗವನ್ನು ಮೂರು ವರ್ಷ ಕಾಯುವುದು ಕಷ್ಟ. ನಮ್ಮ ದುಡ್ಡು, ದುಡಿಮೆ ಎಲ್ಲ ಮೊದಲನೆಯದಕ್ಕೆ ಹೋಗುತ್ತಿದೆ. ಎರಡನೆಯದನ್ನು ಕೇಳುವವರೇ ಇಲ್ಲ.

ಲಂಟಾನ ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಗಿಡ. ಅಲ್ಲಿಂದ ಯುರೋಪಿನ ಉದ್ಯಾನಗಳಿಗೆ ಹೋಗಿ, ಬಗೆಬಗೆಯ ಬಣ್ಣದ ಆಸೆಗೆ ತಳಿಸಂಕರವಾಗಿ, 1807ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ಬಂಗಲೆಗಳ ಕೈತೋಟಕ್ಕೆ, ಕೈತೋಟದಿಂದ ಬೇಲಿಗೆ. ಬೇಲಿಗೆ ಇದಕ್ಕಿಂತ ಅನುಕೂಲದ ಗಿಡ ಬೇಕೇ? ನೀರು ಕೇಳುವುದಿಲ್ಲ, ದನ ಬಾಯಿ ಹಾಕುವುದಿಲ್ಲ, ಮೈತುಂಬ ಮುಳ್ಳು, ವರ್ಷವಿಡೀ ಹೂವು. ರೈತರು ಇದನ್ನು ನೆಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬೇಲಿ ದಾಟಿದ ಮೇಲೆ ಏನಾಗುತ್ತದೆ ಎಂಬುದು ನಮ್ಮ ಸೀಮೆಯಲ್ಲಿ ಮೊದಲು ಅರಿವಿಗೆ ಬಂದದ್ದು ಕೊಡಗಿನಲ್ಲಿ. ಕಾಫಿ ತೋಟಗಳಲ್ಲಿ, ಪಾಳುಬಿದ್ದ ಎಸ್ಟೇಟುಗಳಲ್ಲಿ, ಕಾಡಿನಂಚಿನಲ್ಲಿ ಅದು ಎಷ್ಟರಮಟ್ಟಿಗೆ ಹಬ್ಬಿತೆಂದರೆ, 1914ರಲ್ಲಿ ಅಲ್ಲಿ ಹಾನಿಕರ ಕಳೆಗಿಡಗಳ ವಿರುದ್ಧ ಕಾನೂನನ್ನೇ ತರಬೇಕಾಯಿತು. 1916ರಲ್ಲಿ ಟೈರ್‌ಮನ್ ಎಂಬ ಅರಣ್ಯಾಧಿಕಾರಿ ಕೊಡಗಿನ ಕಾಡುಗಳ ಲಂಟಾನದ ಬಗ್ಗೆ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಬರೆದರು. ಅದೇ ಹೊತ್ತಿನಲ್ಲಿ ಕೀಟತಜ್ಞ ವೈ. ರಾಮಚಂದ್ರ ರಾವ್ ಅವರು ಈ ಗಿಡವನ್ನು ತಿನ್ನುವ ಹುಳಗಳೇನಾದರೂ ನಮ್ಮ ದೇಶದಲ್ಲೇ ಇವೆಯೇ ಎಂದು ಹುಡುಕಿ, 1920ರಲ್ಲಿ ವರದಿ ಪ್ರಕಟಿಸಿದರು. ಅಂದರೆ ನಾವು ಇಂದು ಹೊಸದೆಂಬಂತೆ ಮಾತನಾಡುತ್ತಿರುವ ಸಮಸ್ಯೆಗೆ ನೂರು ವರ್ಷ ಮೀರಿದ ಕಡತವಿದೆ.

ಗಿಡವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಕಾಂಡ ದುಂಡಗಿಲ್ಲ, ನಾಲ್ಕು ಮೂಲೆಯದು. ಮೂಲೆಗಳ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಎಲೆ ಒರಟು, ಉಜ್ಜಿದರೆ ಘಾಟು ವಾಸನೆ. ಒಂದೇ ಗೊಂಚಲಿನಲ್ಲಿ ನಡುವಿನ ಹೂ ಹಳದಿ, ಅಂಚಿನದು ಗುಲಾಬಿ ಅಥವಾ ಕೆಂಪು. ಹೂ ಹಳೆಯದಾದಂತೆ ಬಣ್ಣ ತಿರುಗುತ್ತದೆ. ಹೂ ಉದುರಿದ ಜಾಗದಲ್ಲಿ ಹಸಿರು ಕಾಯಿ, ಹಣ್ಣಾದಾಗ ಮಿರುಗುವ ಕಪ್ಪು. ಒಂದು ಪೊದೆ ವರ್ಷಕ್ಕೆ ಸುಮಾರು 12,000 ಹಣ್ಣು ಬಿಡಬಲ್ಲದು ಎಂದು ಲೆಕ್ಕ ಹಾಕಿದ್ದಾರೆ. ಪಿಕಳಾರ ಹಕ್ಕಿ ಆ ಹಣ್ಣು ತಿಂದು, ಹೊಲದ ನಡುವಿನ ಬೇವಿನ ಮರದ ಮೇಲೋ ಕರೆಂಟು ತಂತಿಯ ಮೇಲೋ ಕೂತು ಬೀಜ ಬೀಳಿಸುತ್ತದೆ. ಕರಡಿಯೂ ತಿಂದು ದೂರ ಒಯ್ಯುತ್ತದೆ. ಮರದ ಬುಡದಲ್ಲಿ ಮೊದಲು ನಾಲ್ಕು ಸಸಿ ಕಾಣಿಸಿಕೊಂಡು, ಅಲ್ಲಿಂದ ಪೊದೆ ಸುತ್ತಲೂ ಬೆಳೆಯುವುದನ್ನು ತಾವೆಲ್ಲ ನೋಡಿಯೇ ಇದ್ದೀರಿ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ನಿಯಂತ್ರಣದ ಮಾತು ಬಂದಾಗ ಬೇಕಾಗುತ್ತದೆ.

ಇನ್ನು ಎರಡನೆಯ ವಿಷಯ, ವನ್ಯಜೀವಿಗಳು.

ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಮ್ಮ ದೇಶದ ಹುಲಿ ಸಂಚರಿಸುವ ಅರಣ್ಯಗಳಲ್ಲಿ ಲಂಟಾನ ಹಬ್ಬಿರುವ ವಿಸ್ತೀರ್ಣ 1,54,000 ಚದರ ಕಿಲೋಮೀಟರ್. ಆ ಕಾಡುಗಳ ಶೇ. 40ಕ್ಕೂ ಹೆಚ್ಚು. ಇದು ದೇಶದ ಚಿತ್ರ. ನಮ್ಮ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಲೆಕ್ಕ ಸಿಗುತ್ತದೆ. 540 ಚದರ ಕಿಲೋಮೀಟರ್ ಕಾಡಿನಲ್ಲಿ ಗುರುತು ಹಾಕಿದ ಜಾಗಗಳನ್ನು 1997ರಲ್ಲಿ ನೋಡಿದಾಗ ಶೇ. 41ರಷ್ಟು ಕಡೆ ಲಂಟಾನ ಇತ್ತು. ಅವೇ ಜಾಗಗಳಿಗೆ 2008ರಲ್ಲಿ ಮತ್ತೆ ಹೋದಾಗ ಶೇ. 81ರಷ್ಟು ಕಡೆ ಇತ್ತು. ಹನ್ನೊಂದು ವರ್ಷದಲ್ಲಿ ಇಮ್ಮಡಿ. ಕಾಡಿನ ಲೆಕ್ಕದಲ್ಲಿ ಹನ್ನೊಂದು ವರ್ಷ ಏನೂ ಅಲ್ಲ, ಒಂದು ಹೊನ್ನೆ ಮರ ನೆಟ್ಟಗೆ ನಿಲ್ಲುವುದಕ್ಕೂ ಅಷ್ಟು ಸಮಯ ಸಾಲದು.

ಪೊದೆ ಹಬ್ಬಿದರೆ ಹಸಿರು ಹೆಚ್ಚಿತಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದದ್ದು. ರಸ್ತೆಯಿಂದ ನೋಡಿದರೆ ಮಳೆಗಾಲದ ಬಂಡೀಪುರ ಕಣ್ಣು ತುಂಬುವಷ್ಟು ಹಸಿರು. ಆದರೆ ಜಿಂಕೆ, ಕಾಟಿ, ಆನೆ ಬದುಕುವುದು ಮುಖ್ಯವಾಗಿ ಹುಲ್ಲು, ಸೊಪ್ಪು, ಬಿದಿರಿನ ಮೇಲೆ. ಮರಗಳ ನಡುವಿನ ತೆರಪಿನಲ್ಲಿ ಬೆಳೆಯುತ್ತಿದ್ದ ಬಾದೆ ಹುಲ್ಲು ಲಂಟಾನದ ನೆರಳಿನಡಿ ಸಾಯುತ್ತದೆ. ಅದರ ಬೇರು, ತರಗೆಲೆಗಳಿಂದ ಇಳಿಯುವ ರಾಸಾಯನಿಕಗಳು ಬೇರೆ ಬೀಜಗಳ ಮೊಳಕೆಯನ್ನೂ ತಡೆಯುತ್ತವೆ. ಪೂರ್ಣ ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಲಂಟಾನ ಅದರ ಮೇವಲ್ಲ. ನಮ್ಮ ಕಾಡುಗಳಲ್ಲಿ ಹೆಬ್ಬಿದಿರು ಹೂಬಿಟ್ಟು ಒಣಗಿ, ಆ ತೆರಪುಗಳಿಗೂ ಲಂಟಾನವೇ ನುಗ್ಗಿದ ಮೇಲೆ ಆನೆಗೆ ಆದ ನಷ್ಟ ಇಮ್ಮಡಿಯಾಯಿತು. ಆನೆ ಹೊಲಕ್ಕೆ ಬರುವುದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ರಾಗಿ, ಕಬ್ಬು, ಬಾಳೆಯ ರುಚಿ ಬೇರೆಯೇ. ಆದರೆ ಕಾಡಿನೊಳಗೆ ತಟ್ಟೆ ಬರಿದಾಗುತ್ತಿರುವಾಗ ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ಬೇಲಿಗಳಿಂದಲೇ ಎಲ್ಲವನ್ನೂ ತಡೆಯುತ್ತೇವೆ ಎಂಬುದು ಅರ್ಧ ಪರಿಹಾರ.

ಮೇಯುವ ಪ್ರಾಣಿ ಇದನ್ನು ಏಕೆ ಮುಟ್ಟುವುದಿಲ್ಲ ಎಂಬುದು ದನ ಸಾಕುವವರಿಗೆ ಗೊತ್ತು. ಎಲೆಯಲ್ಲಿರುವ ಲಂಟಾಡೀನ್ ಎಂಬ ವಿಷ ಯಕೃತ್ತಿಗೆ ಹೊಡೆಯುತ್ತದೆ. ಬರಗಾಲದಲ್ಲಿ ಬೇರೇನೂ ಸಿಗದೆ ತಿಂದ ದನ, ಹೊಸದಾಗಿ ಕೊಂಡು ತಂದ ಕರು ಮೇವು ಬಿಡುತ್ತವೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ನಿಲ್ಲಲಾರದೆ ನೆರಳಿಗೆ ಓಡುತ್ತವೆ, ಮೂತಿಯ ಚರ್ಮ ಸುಲಿಯುತ್ತದೆ. ಹೀಗೆ ಕಂಡರೆ ಆ ದಿನವೇ ಪಶುವೈದ್ಯರ ಬಳಿಗೆ ಒಯ್ಯಿರಿ, ದನವನ್ನು ನೆರಳಿನಲ್ಲೇ ಕಟ್ಟಿ.

ಹಕ್ಕಿಗಳ ಮಾತು ಸ್ವಲ್ಪ ತೊಡಕಿನದು. ಲಂಟಾನ ಹೂವಿಗೆ ಚಿಟ್ಟೆ ಮುತ್ತುತ್ತವೆ, ಹಣ್ಣಿಗೆ ಪಿಕಳಾರ ಬರುತ್ತದೆ. ಬೇಸಿಗೆಯ ಮಧ್ಯಾಹ್ನ ಹುಲಿ ಅದರ ನೆರಳಿನಲ್ಲಿ ಮಲಗುತ್ತದೆ. ಇವೆಲ್ಲ ನಿಜ. ಆದರೆ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆದ ಅಧ್ಯಯನವೊಂದು, ಪೊದೆ ದಟ್ಟವಾದಷ್ಟೂ ಹಕ್ಕಿಗಳ ವೈವಿಧ್ಯ ಇಳಿಯುತ್ತದೆ, ಅದರಲ್ಲೂ ಮರದ ನೆತ್ತಿಯಲ್ಲಿ ಹುಳ ಹುಡುಕಿ ತಿನ್ನುವ ಹಕ್ಕಿಗಳು ಕಡಿಮೆಯಾಗುತ್ತವೆ ಎಂದು ತೋರಿಸಿತು. ಮರಗಳಿಗೂ ಇದರ ಪೆಟ್ಟು ಬಿದ್ದಿದೆ: ಇಂದು ನಿಂತಿರುವ ದೊಡ್ಡ ಮರಗಳಡಿ ಮುಂದಿನ ತಲೆಮಾರಿನ ಸಸಿಗಳು ಮೇಲೇಳುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿ ಮರಗಳದ್ದೂ ಇದೇ ಕಥೆ. ಅಲ್ಲಿನ ಆದಿವಾಸಿಗಳಾದ ಸೋಲಿಗರು ಹೆಚ್ಚು ಕಾಯಿ ಕೀಳುವುದರಿಂದಲೇ ನೆಲ್ಲಿ ಕಡಿಮೆಯಾಯಿತು ಎಂಬ ದೂರು ಬಹಳ ಕಾಲ ಇತ್ತು. ವರ್ಷಗಟ್ಟಲೆ ಮರಗಳನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟವಾದ ಸಂಶೋಧನೆ, ಕಾಯಿ ಕೀಳುವುದಕ್ಕಿಂತ ಲಂಟಾನವೂ ಮರದ ಮೇಲೆ ಬೆಳೆಯುವ ಬಂದಣಿಕೆಯೂ ಹೆಚ್ಚು ಹಾನಿ ಮಾಡುತ್ತಿವೆ ಎಂದಿತು. ಈ ಮಾತನ್ನು ಸೋಲಿಗರು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದರು.

ಊರಿನ ಮಗ್ಗುಲಿಗೆ ಬಂದರೆ ಸಮಸ್ಯೆ ಮತ್ತೊಂದು ರೂಪ ತಾಳುತ್ತದೆ. ಪಾಳು ಜಮೀನಿನ ಪೊದೆ ಕಾಡುಹಂದಿಗೂ ಚಿರತೆಗೂ ಹಗಲು ಅಡಗುವ ಮನೆ. 2022ರ ಕೊನೆ, 2023ರ ಮೊದಲ ತಿಂಗಳಲ್ಲಿ ನಮ್ಮ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ಕು ಜೀವಗಳನ್ನು ಚಿರತೆ ಬಲಿ ತೆಗೆದುಕೊಂಡಿತು. ಅಲ್ಲಿ ಕಬ್ಬಿನ ಗದ್ದೆಯೂ ಇತ್ತು, ಪೊದೆಯೂ ಇತ್ತು. ಎಲ್ಲವನ್ನೂ ಲಂಟಾನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಶಾಲೆಗೆ ಹೋಗುವ ಕಾಲುದಾರಿಯ ಇಕ್ಕೆಲ ತೆರವಾಗಿರಬೇಕು ಎಂಬುದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ.

ಇಲ್ಲಿಂದ ಮುಂದೆ ಬೆಂಕಿಯ ಪ್ರಶ್ನೆಗೆ ಬರುತ್ತೇನೆ. ಈ ಬಗ್ಗೆ ಸಭೆಯಲ್ಲಿ ಭಿನ್ನಾಭಿಪ್ರಾಯ ಇರಬಹುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ‘ತರಗು ಬೆಂಕಿ’ ಹಾಕುತ್ತಿದ್ದರು. ವರ್ಷದ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವ ಇರುವಾಗ, ಒಣ ಹುಲ್ಲು ಮತ್ತು ತರಗೆಲೆಯನ್ನಷ್ಟೇ ಸುಟ್ಟುಕೊಂಡು ಮೆಲ್ಲಗೆ ಸಾಗುವ ಸಣ್ಣ ಬೆಂಕಿ. ಅದರಿಂದ ಹೊಸ ಹುಲ್ಲು ಚಿಗುರುತ್ತಿತ್ತು, ಲಂಟಾನದ ಎಳೆ ಸಸಿ ಸುಟ್ಟುಹೋಗುತ್ತಿತ್ತು ಎಂದು ಅವರ ಹಿರಿಯರು ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1974ರಲ್ಲಿ ಆ ಬೆಟ್ಟವನ್ನು ಅಭಯಾರಣ್ಯವೆಂದು ಘೋಷಿಸಿದ್ದು, ಇವುಗಳ ನಂತರ ಆ ಪದ್ಧತಿ ನಿಂತಿತು. ಆಮೇಲಿನ ದಶಕಗಳಲ್ಲಿ ಪೊದೆ ಬೆಳೆಯಿತು. ನಾನು ಓದಿ ತಿಳಿದಷ್ಟರಿಂದ ಹೇಳುವುದಾದರೆ, ಸೋಲಿಗರ ಮಾತಿನಲ್ಲಿ ತೂಕವಿದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಆ ಕಾಡಿನಲ್ಲಿ ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೂ ಮಾನ್ಯತೆ ದೊರೆತಿದೆ. ಕಾಡಿನ ನಿರ್ವಹಣೆಯ ಯೋಜನೆ ಬರೆಯುವಾಗ ಅವರನ್ನು ಕೂರಿಸಿಕೊಂಡು ಬರೆಯುವುದು ಮರ್ಯಾದೆಯ ಮಾತೂ ಹೌದು, ವಿವೇಕದ ಮಾತೂ ಹೌದು.

ಹಾಗೆಂದು ನಾಳೆಯೇ ಬೆಂಕಿ ಹಾಕಲು ಬಾರದು. ಹುಲ್ಲಿನ ಬೆಂಕಿ ಮೊಣಕಾಲು ಮಟ್ಟದ್ದು. ಆಳೆತ್ತರದ ಒಣ ಲಂಟಾನಕ್ಕೆ ಹೊತ್ತಿದ ಬೆಂಕಿ ಕೊಂಬೆ ಹಿಡಿದು ಮರದ ನೆತ್ತಿಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟುಹೋದದ್ದನ್ನು ತಾವು ಮರೆತಿಲ್ಲ. ಅಲ್ಲಿ ಬೆಂಕಿಗೆ ಉರುವಲಾದದ್ದರಲ್ಲಿ ಲಂಟಾನದ ಪಾಲು ದೊಡ್ಡದು. ಸುಟ್ಟ ಬುಡದಿಂದ ಮೊದಲು ಚಿಗುರುವುದೂ ಅದೇ. ಮೊದಲು ಪೊದೆ ತೆಗೆದು ಹುಲ್ಲು ಮರಳಿ ಬಂದ ಜಾಗದಲ್ಲಿ ಮಾತ್ರ ತರಗು ಬೆಂಕಿಯ ಮಾತು. ಹೊಲದ ಬದುವಿನ ಲಂಟಾನಕ್ಕೆ ಬೆಂಕಿಕಡ್ಡಿ ಗೀರುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು.

ಕೊನೆಯ ಭಾಗಕ್ಕೆ ಬಂದೆ. ಹತೋಟಿಗೆ ತರುವುದು ಹೇಗೆ?

ಹುಳ ಬಿಟ್ಟು ಲಂಟಾನವನ್ನು ಕೊಲ್ಲುವ ಪ್ರಯತ್ನವೂ ಹಳೆಯದು. 1902ರಲ್ಲಿ ಹವಾಯಿ ದ್ವೀಪಗಳಿಗೆ ಮೆಕ್ಸಿಕೋದಿಂದ ಕೀಟಗಳನ್ನು ತರಿಸಿದರು. ಅಲ್ಲಿಂದ ಒಂದು ಬಗೆಯ ಬೀಜದ ನೊಣ 1921ರಲ್ಲಿ ನಮ್ಮ ಬೆಂಗಳೂರಿಗೂ ಬಂತು. 1941ರಲ್ಲಿ ಡೆಹ್ರಾಡೂನಿಗೆ ಎಲೆಯ ರಸ ಹೀರುವ ಕೀಟ ಬಂತು. ಪಾಪಸುಕಳ್ಳಿಯನ್ನು 1926ರಲ್ಲಿ ತಂದ ಒಂದೇ ಒಂದು ಕೀಟ ದಕ್ಷಿಣ ಭಾರತದಲ್ಲಿ ಹಿಡಿತಕ್ಕೆ ತಂದಿತು. ಕಾಂಗ್ರೆಸ್ ಗಿಡದ ಮೇಲೆ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ಜೀರುಂಡೆ ಈಗಲೂ ಮಳೆಗಾಲದಲ್ಲಿ ಎಲೆ ತಿನ್ನುವುದನ್ನು ಕಾಣಬಹುದು. ಲಂಟಾನದ ವಿಷಯದಲ್ಲಿ ಆ ಯಶಸ್ಸು ಸಿಗಲಿಲ್ಲ. ತೋಟಗಾರರು ಬೆರೆಸಿ ಬೆರೆಸಿ ಅದನ್ನು ಹಲವು ತಳಿಗಳ ಗುಂಪನ್ನಾಗಿ ಮಾಡಿದ್ದರಿಂದ, ಒಂದು ತಳಿಗೆ ಹಿಡಿಸಿದ ಹುಳ ಇನ್ನೊಂದನ್ನು ಮುಟ್ಟುವುದಿಲ್ಲ.

ಕಾನೂನಿನ ದಾರಿಯೂ ಇದೆ. ಕರ್ನಾಟಕದ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯಡಿ 1975ರಲ್ಲಿ ಕಾಂಗ್ರೆಸ್ ಗಿಡವನ್ನು ಹಾನಿಕರ ಕಳೆ ಎಂದು ಘೋಷಿಸಲಾಯಿತು. ಜಮೀನು ಅನುಭವಿಸುವವರೇ ಅದನ್ನು ತೆಗೆಸಬೇಕು ಎಂಬುದು ಅದರ ಆಶಯ. ಅರ್ಧ ಶತಮಾನ ಕಳೆದರೂ ಕಾಂಗ್ರೆಸ್ ಗಿಡ ಇಲ್ಲದ ರಸ್ತೆಬದಿ ನಮ್ಮಲ್ಲಿಲ್ಲ. ಕಾನೂನು ಬೇಡವೆನ್ನುವುದಿಲ್ಲ, ಅದು ಗುದ್ದಲಿ ಹಿಡಿಯುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಆದ್ದರಿಂದ ಗುದ್ದಲಿಯ ಮಾತಿಗೆ ಬರೋಣ. ಮಚ್ಚಿನಿಂದ ಸವರಿದರೆ ಬುಡದಿಂದ ಒಂದಕ್ಕೆ ಹತ್ತು ಚಿಗುರು. ಜೆಸಿಬಿ ಹೊಡೆಸಿದರೆ ಒಂದೇ ದಿನದಲ್ಲಿ ಎಕರೆಗಟ್ಟಲೆ ಬಯಲು, ಆದರೆ ಕದಡಿದ ಮಣ್ಣಿನಲ್ಲಿ ಹೂತಿದ್ದ ಬೀಜವೆಲ್ಲ ಮುಂದಿನ ಮಳೆಗೆ ಮೇಲೆ ಬರುತ್ತದೆ, ತುಂಡಾದ ಬೇರು ಚಿಗುರುತ್ತದೆ. ಕಳೆನಾಶಕ ಸಿಂಪಡಿಸಿದರೆ ಪಕ್ಕದ ಹುಲ್ಲೂ ಹೋಗುತ್ತದೆ. ಹಳ್ಳದ ದಂಡೆಯಲ್ಲಿ, ದನ ಮೇಯುವಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರೂಢಿಸಿ 2009ರಲ್ಲಿ ಪ್ರಕಟಿಸಿದ ಕ್ರಮ ಸರಳವಾದದ್ದು. ಲಂಟಾನ ಮರುಚಿಗುರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಪೊದೆಯ ಬುಡದ ಮಣ್ಣು ಕೆದರಿ, ನೆಲಮಟ್ಟಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಗಂಟಿನ ಕೆಳಭಾಗದಲ್ಲಿ ತಾಯಿಬೇರನ್ನು ಒಂದೇ ಏಟಿಗೆ ಕತ್ತರಿಸಬೇಕು. ಆಮೇಲೆ ಪೊದೆಯನ್ನು ಎತ್ತಿ ತಲೆಕೆಳಗಾಗಿ, ಬೇರು ಆಕಾಶಕ್ಕೆ ಬರುವಂತೆ ಇಡಬೇಕು. ಮಣ್ಣು ಸೋಕದ ಬೇರು ಬಿಸಿಲಿಗೆ ಒಣಗಿ ಸಾಯುತ್ತದೆ. ಸುತ್ತಲಿನ ಮಣ್ಣು ಕದಡುವುದಿಲ್ಲ. ಇಬ್ಬರು ಆಳು, ಒಂದು ಗುದ್ದಲಿ, ಕೈಗೆ ದಪ್ಪ ಗವಸು ಸಾಕು.

ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ, ಹಣ್ಣಾಗುವ ಮೊದಲು ಇದನ್ನು ಮಾಡಬೇಕು. ಹಣ್ಣಿನ ಗೊಂಚಲು ಇದ್ದರೆ ಅದನ್ನು ಮೊದಲು ಕತ್ತರಿಸಿ ಚೀಲಕ್ಕೆ ತುಂಬಿಕೊಳ್ಳಿ. ಮುಂದಿನ ಎರಡು ಮೂರು ಮಳೆಗಾಲ ಹಕ್ಕಿ ಕೂರುವ ಮರಗಳ ಬುಡವನ್ನೂ ನೀರು ಹರಿಯುವ ಕೊರಕಲನ್ನೂ ನೋಡಿ ಬರಬೇಕು. ಸಸಿಗಳು ಮೊದಲು ತಲೆ ಎತ್ತುವುದು ಅಲ್ಲಿಯೇ. ಬೆರಳುದ್ದದ ಸಸಿಯನ್ನು ಮಕ್ಕಳೂ ಕೀಳಬಹುದು, ಎರಡು ವರ್ಷ ಬಿಟ್ಟರೆ ಅದಕ್ಕೆ ಮತ್ತೆ ಗುದ್ದಲಿ ಬೇಕು.

ತೆರವಾದ ನೆಲವನ್ನು ಬರಿದು ಬಿಡಬಾರದು. ಬಿಟ್ಟರೆ ಲಂಟಾನವೋ ಕಮ್ಯುನಿಸ್ಟ್ ಗಿಡವೋ ಕಾಂಗ್ರೆಸ್ ಗಿಡವೋ ಬಂದೇ ಬರುತ್ತದೆ. ವಯನಾಡಿನಿಂದ ನಾಗರಹೊಳೆ, ಬಂಡೀಪುರಗಳಿಗೆ ಹಬ್ಬಿರುವ ಹಳದಿ ಹೂವಿನ ಸೆನ್ನಾ ಮರವೂ ಇಂಥ ತೆರಪನ್ನೇ ಕಾಯುತ್ತಿರುತ್ತದೆ. ಮೊದಲ ಮಳೆಗೇ ಊರಿನ ಹುಲ್ಲಿನ ಬೀಜ ಚೆಲ್ಲಿ. ಬೇಲಿ ಬೇಕಿದ್ದರೆ ಲೆಕ್ಕಿ, ಬಂದರೆ, ಕವಳೆ, ತಂಗಡಿ, ಸೀಗೆ ನಮ್ಮದೇ ನೆಲದವು. ಸೀಗೆಯ ಮುಳ್ಳಿಗೆ ಲಂಟಾನದ ಮುಳ್ಳು ಸಾಟಿಯಲ್ಲ. ಕವಳೆ ಹಣ್ಣನ್ನು ಹಕ್ಕಿಯೂ ತಿನ್ನುತ್ತದೆ, ನಮ್ಮ ಮಕ್ಕಳೂ ತಿನ್ನುತ್ತಾರೆ.

ಕಿತ್ತ ಗಿಡದ ಉಪಯೋಗದ ಬಗ್ಗೆಯೂ ಒಂದು ಮಾತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆ 2004ರಿಂದ ಸ್ಥಳೀಯರ ಜೊತೆಗೂಡಿ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಮೇಜು ಮಾಡಿಸುವ ಕೆಲಸ ಶುರುಮಾಡಿತು. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಾಗಿಸಿದರೆ ಬೆತ್ತದಂತೆ ಬಳಸಬಹುದು. ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ನೀಲಗಿರಿ ಸೀಮೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನದಲ್ಲಿ ಹೆಣೆದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಆದರೆ ಕರಕುಶಲಕ್ಕೆ ಬೇಕಾದ ನೇರವಾದ ಕಡ್ಡಿ ಪೊದೆಯಲ್ಲಿ ಸ್ವಲ್ಪವೇ ಸಿಗುವುದು. ಇದು ಕೆಲವು ಕುಟುಂಬಗಳ ಅನ್ನಕ್ಕೆ ದಾರಿ. ಕಾಡಿನ ಲಂಟಾನ ಇದರಿಂದ ಮುಗಿಯುತ್ತದೆಂದು ಭಾವಿಸಬಾರದು. ಬುಡ ಕಿತ್ತು ಕಡ್ಡಿ ತೆಗೆದುಕೊಳ್ಳುವಂತಿದ್ದರೆ ಮಾತ್ರ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ.

ಒಬ್ಬರ ಜಮೀನಿನಲ್ಲಿ ಮಾತ್ರ ಈ ಕೆಲಸ ನಡೆದರೆ ಪ್ರಯೋಜನ ಅಲ್ಪ. ಪಕ್ಕದವರ ಬದುವಿನಲ್ಲಿ ಹಣ್ಣು ಇರುವವರೆಗೆ ಪಿಕಳಾರ ನಿಮ್ಮ ಹೊಲಕ್ಕೆ ಬೀಜ ತರುತ್ತಲೇ ಇರುತ್ತದೆ. ಕಡಕೊಳದಂಥ ಊರಿನಲ್ಲಿ ಹೊಲದವರ ಜೊತೆಗೆ ಬಡಾವಣೆಯ ಖಾಲಿ ನಿವೇಶನದವರೂ ಕಾರ್ಖಾನೆಗಳ ಆವರಣದವರೂ ಸೇರಬೇಕು. ಆ ನಿವೇಶನಗಳ ಮಾಲೀಕರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಪೊದೆ ಇಲ್ಲಿರುತ್ತದೆ. ಸ್ಥಳೀಯ ಆಡಳಿತ ಅವರಿಗೆ ಪತ್ರ ಬರೆಯಲಿ, ತೆಗೆಸದಿದ್ದರೆ ತಾನೇ ತೆಗೆಸಿ ಖರ್ಚು ಕೇಳಲಿ. ಅರಣ್ಯದಂಚಿನ ಜಮೀನುಗಳಿಗೆ ಇಲಾಖೆಯ ಅನುಮತಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಕೆಲಸಕ್ಕೆ ಇಳಿಯಿರಿ.

ಇಲ್ಲಿ ಕುಳಿತಿರುವ ರೈತರಲ್ಲಿ ನನ್ನ ವಿನಂತಿ ಒಂದೇ. ಈ ವರ್ಷ ಇಡೀ ಜಮೀನಿಗೆ ಕೈ ಹಾಕಬೇಡಿ. ನಾಲ್ಕೈದು ಮನೆಯವರು ಕೂಡಿ, ಒಂದಕ್ಕೊಂದು ಹೊಂದಿಕೊಂಡ ಒಂದು ಬದುವನ್ನು ಆರಿಸಿಕೊಳ್ಳಿ. ಮುಂಗಾರಿನ ಮೊದಲ ಹದ ಮಳೆಗೆ ಬುಡ ಕಿತ್ತು ತಲೆಕೆಳಗಿಡಿ, ಹುಲ್ಲು ಚೆಲ್ಲಿ, ಲೆಕ್ಕಿ ಕಡ್ಡಿ ನೆಡಿ. ಮುಂದಿನ ಎರಡು ಮಳೆಗಾಲ ಅದೇ ಬದುವಿಗೆ ಮತ್ತೆ ಹೋಗಿ. ಅಲ್ಲಿ ಹುಲ್ಲು ನಿಂತ ಮೇಲೆ ಮುಂದಿನ ಬದುವಿಗೆ ಹೋಗಿ. ಈ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಸಸಿ ಕೀಳುವುದಕ್ಕೆ ಜೊತೆಗೂಡುವಂತೆ ಅಧ್ಯಾಪಕರು ಏರ್ಪಾಡು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.